ಹೆಸರಿಲ್ಲದ ಮೀನು

(ನಮ್ಮೂರ ವಾಚನಾಲಯದಲ್ಲಿ ತಿಂಗಳಿಗೊಮ್ಮೆ ನಡೆಯುವ ಮಾತುಕತೆಯಲ್ಲಿ ಹೇಳಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ನಡುವೆ ಬಂದ ಒಂದೆರಡು ಪ್ರಶ್ನೆಗಳನ್ನೂ ಹಾಗೇ ಉಳಿಸಿಕೊಂಡಿದ್ದೇನೆ.)

ನಮಸ್ಕಾರ. ಹೊರಗೆ ಮಳೆ, ಬೋಟುಗಳೆಲ್ಲ ದಡ ಸೇರಿವೆ, ಮಾರ್ಕೆಟಿನಲ್ಲಿ ಮೀನಿನ ರೇಟು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಇಂಥ ಹೊತ್ತಿನಲ್ಲಿ ಮೀನಿನ ಕತೆ ಹೇಳಿ ನಿಮ್ಮ ಬಾಯಲ್ಲಿ ನೀರೂರಿಸುವುದು ಪಾಪದ ಕೆಲಸವೇ ಸರಿ. ಒಪ್ಪಿಕೊಂಡಾಗಿದೆ, ಹೇಳಿಬಿಡುತ್ತೇನೆ.

ನಮ್ಮ ಕಡೆ ಊಟದ ಹೋಟೆಲಿಗೆ ಹೋಗಿ ‘ಒಂದು ಮೀನು ಫ್ರೈ ಕೊಡಿ’ ಅಂದು ನೋಡಿ. ಸಪ್ಲೈಯರ್ ಒಮ್ಮೆ ನಿಮ್ಮ ಮುಖ ನೋಡುತ್ತಾನೆ. ಘಟ್ಟದ ಮೇಲಿನವರು ಅಂತ ಮನಸ್ಸಲ್ಲೇ ತೀರ್ಮಾನಿಸುತ್ತಾನೆ. ಆಮೇಲೆ ‘ಯಾವುದು? ಬಂಗುಡೆ ಉಂಟು, ಕಾಣೆ ಉಂಟು, ಅಂಜಲ್ ಪೀಸ್ ಉಂಟು’ ಅಂತ ಒಪ್ಪಿಸುತ್ತಾನೆ. ‘ಮೀನು’ ಅನ್ನುವ ಐಟಂ ನಮ್ಮಲ್ಲಿ ಇಲ್ಲವೇ ಇಲ್ಲ. ಹೆಸರಿರಬೇಕು. ಕಾಣೆ ಅಂತ ಹೇಳಿ ಬೇರೇನನ್ನೋ ತಂದಿಟ್ಟರೆ ತಟ್ಟೆ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ.

ಕೆಲಸದ ನಿಮಿತ್ತ ನಾನು ಕೆಲವು ವರ್ಷ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿದ್ದೆ. ಅಲ್ಲಿಗೆ ಹೋದ ಹೊಸತರಲ್ಲಿ ಹೆದ್ದಾರಿ ಬದಿಯ ಒಂದು ಅಂಗಡಿಗೆ ಹೋದೆ. ಬೋರ್ಡಿನಲ್ಲಿ ಎರಡು ಪೀಸ್ ಫಿಶ್, ಮೂರು ಪೀಸ್ ಫಿಶ್, ಫಿಶ್ ಸ್ಯಾಂಡ್‌ವಿಚ್ ಅಂತಿತ್ತು. ಕೌಂಟರಿನ ಹುಡುಗಿಯನ್ನು ‘ಯಾವ ಮೀನು?’ ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಬಿಳಿ ಮೀನು’ ಅಂದಳು. ಅವಳು ಹೇಳಿದ್ದು ತಪ್ಪಲ್ಲ. ಆದರೆ ಕಡಲ ದಡದಲ್ಲಿ ಬೆಳೆದ ನನಗೆ ಅದು ‘ಇದು ಯಾವ ಹಣ್ಣು’ ಅಂದರೆ ‘ಸಿಹಿ ಹಣ್ಣು’ ಅಂದ ಹಾಗೆ ಕೇಳಿಸಿತು. ಈ ಹೆಸರಿಲ್ಲದ ಮೀನಿನ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದೇ ಇವತ್ತಿನ ಕತೆ.

ಕತೆ ಶುರುವಾಗುವುದು 1969ರಲ್ಲಿ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷ. ಅದೇ ವರ್ಷ ಅಮೆರಿಕದಲ್ಲಿ ಮೀನು ಕರಿದು ಮಾರುವ ನಾಲ್ಕು ಸರಣಿ ಅಂಗಡಿಗಳು ಹುಟ್ಟಿದವು. ಕೊಲಂಬಸ್‌ನಲ್ಲಿ ಆರ್ಥರ್ ಟ್ರೀಚರ್ಸ್, ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಲಾಂಗ್ ಜಾನ್ ಸಿಲ್ವರ್ಸ್, ಟೆನೆಸಿಯ ನ್ಯಾಶ್‌ವಿಲ್ ಹತ್ತಿರ ಮುಂದೆ ಕ್ಯಾಪ್ಟನ್ ಡೀಸ್ ಆಗಲಿದ್ದ ಮಿಸ್ಟರ್ ಡೀಸ್, ಪಶ್ಚಿಮ ತೀರದ ವಾಷಿಂಗ್ಟನ್ ರಾಜ್ಯದಲ್ಲಿ ಸ್ಕಿಪ್ಪರ್ಸ್. ನಾಲ್ಕರಲ್ಲಿ ಮೂರು ಸಮುದ್ರದ ವಾಸನೆಯೂ ಇಲ್ಲದ ಊರುಗಳಲ್ಲಿ ಹುಟ್ಟಿದ್ದು ನೋಡಿ. ಲೆಕ್ಸಿಂಗ್ಟನ್‌ನಿಂದ ಅಟ್ಲಾಂಟಿಕ್ ಕಡಲಿಗೆ ಆರುನೂರು ಕಿಲೋಮೀಟರಿಗೂ ಹೆಚ್ಚು. ನಮ್ಮ ಬೀದರಿನಲ್ಲಿ ಕೂತು ಬಂಗುಡೆಯ ಸಾಮ್ರಾಜ್ಯ ಕಟ್ಟಿದ ಹಾಗೆ.

ಇವರೆಲ್ಲರಿಗೂ ಒಂದೇ ಸಲ ಮೀನಿನ ಹುಚ್ಚು ಹಿಡಿದದ್ದು ಕೋಳಿಯಿಂದ. ಕರ್ನಲ್ ಸ್ಯಾಂಡರ್ಸ್ ತಮ್ಮ ಕೆಂಟಕಿ ಫ್ರೈಡ್ ಚಿಕನ್ ಕಂಪನಿಯನ್ನು 1964ರಲ್ಲಿ 20 ಲಕ್ಷ ಡಾಲರಿಗೆ ಮಾರಿದರು. ಕೊಂಡವರು ಅದನ್ನು ದೇಶದ ತುಂಬ ಹರಡಿ ಕೆಲವೇ ವರ್ಷಗಳಲ್ಲಿ ಕೋಟ್ಯಧಿಪತಿಗಳಾದರು. ಅದಕ್ಕೆ ಬಳಸಿದ ಉಪಾಯ ಫ್ರಾಂಚೈಸಿ. ಹೆಸರು, ಹಿಟ್ಟಿನ ಪಾಕ, ಬೋರ್ಡು, ತರಬೇತಿ ಕಂಪನಿಯದ್ದು. ದುಡ್ಡು, ದುಡಿಮೆ, ತಲೆನೋವು ಅಂಗಡಿ ಹಾಕುವವನದ್ದು. ವ್ಯಾಪಾರದಲ್ಲಿ ಇಂತಿಷ್ಟು ಪಾಲು ರಾಯಲ್ಟಿ ಅಂತ ಕಂಪನಿಗೆ ಹೋಗಬೇಕು. ನಮ್ಮ ಉಡುಪಿ ಹೋಟೆಲುಗಳೂ ದೇಶವೆಲ್ಲ ಹರಡಿದವು, ಒಂದು ಪೈಸೆ ರಾಯಲ್ಟಿಯನ್ನು ಯಾರೂ ಯಾರಿಗೂ ಕೊಟ್ಟಿಲ್ಲ. ಊರಿಂದ ಬಂದ ಹುಡುಗ ತಟ್ಟೆ ತೊಳೆದು, ದೋಸೆ ಕಲಿತು, ಹತ್ತು ವರ್ಷಕ್ಕೆ ತನ್ನದೇ ಬೋರ್ಡು ಹಾಕಿದ. ಅಮೆರಿಕದವರು ಅದನ್ನೇ ಕಾಗದದ ಮೇಲೆ, ವಕೀಲರನ್ನಿಟ್ಟುಕೊಂಡು ಮಾಡಿದರು. ಕೋಳಿ ಗೆದ್ದ ಮೇಲೆ ಮುಂದೇನು ಅಂತ ಎಲ್ಲರೂ ತಡಕಾಡುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಇಂಗ್ಲೆಂಡಿನ ಬಡವರ ತಿಂಡಿ ಫಿಶ್ ಅಂಡ್ ಚಿಪ್ಸ್, ಅಂದರೆ ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ಜೊತೆಗೆ ಕರಿದ ಆಲೂಗಡ್ಡೆ.

ಮೀನಿಗೆ ಗಿರಾಕಿ ಇದ್ದಾರೆ ಅನ್ನುವುದು ಅದಕ್ಕೂ ಮೊದಲೇ ಗೊತ್ತಾಗಿತ್ತು. ಸಿನ್ಸಿನಾಟಿಯಲ್ಲಿ ಲೂ ಗ್ರೋನ್ ಅಂತ ಒಬ್ಬರು ಮೆಕ್‌ಡೊನಾಲ್ಡ್ಸ್ ಅಂಗಡಿ ನಡೆಸುತ್ತಿದ್ದರು. ಸುತ್ತಮುತ್ತ ಕ್ಯಾಥೊಲಿಕರೇ ಹೆಚ್ಚು, ಶುಕ್ರವಾರ ಮಾಂಸ ಮುಟ್ಟುವುದಿಲ್ಲ. ನಮ್ಮಲ್ಲಿ ಸೋಮವಾರ, ಶನಿವಾರ ಮೀನಿನವಳ ಬುಟ್ಟಿ ಬೇಗ ಖಾಲಿಯಾಗುವುದಿಲ್ಲ. ಅಲ್ಲಿ ಶುಕ್ರವಾರ ಮೀನಿಗೇ ಸುಗ್ಗಿ, ಏಕೆಂದರೆ ಅವರ ಲೆಕ್ಕದಲ್ಲಿ ಮೀನು ಮಾಂಸವಲ್ಲ! ಗ್ರೋನ್ ಮೀನಿನ ಸ್ಯಾಂಡ್‌ವಿಚ್ ಮಾಡಿ ಕಂಪನಿಗೆ ತೋರಿಸಿದರು. ಕಂಪನಿಯ ಯಜಮಾನ ರೇ ಕ್ರಾಕ್‌ಗೆ ತಮ್ಮದೇ ಒಂದು ಐಡಿಯಾ ಇತ್ತು. ಬನ್ನಿನ ನಡುವೆ ಅನಾನಸ್ ತುಂಡು ಇಟ್ಟ ಹೂಲಾ ಬರ್ಗರ್. 1962ರ ಗುಡ್ ಫ್ರೈಡೇ ದಿನ ಎರಡನ್ನೂ ಮಾರಿ ನೋಡೋಣ ಅಂತ ಪಂದ್ಯವಾಯಿತು. ಮೀನು 350 ಹೋಯಿತು, ಅನಾನಸ್ ಆರೋ ಏನೋ. ನನಗೆ ಇದರಲ್ಲಿ ಇಷ್ಟವಾದದ್ದು ಬೇರೆ ವಿಷಯ. ಗ್ರೋನ್ ಮೊದಲು ಬಳಸಿದ್ದು ಹಾಲಿಬಟ್ ಎಂಬ ದುಬಾರಿ ಮೀನು. ಬೆಲೆ 25 ಸೆಂಟಿಗೆ ಇಳಿಸಿದರೆ ಮಾತ್ರ ಒಪ್ಪುತ್ತೇವೆ ಅಂತ ಕಂಪನಿ ಹೇಳಿದ್ದರಿಂದ ಹಾಲಿಬಟ್ ಹೋಗಿ ಅಟ್ಲಾಂಟಿಕ್ ಕಾಡ್ ಬಂತು. ಬನ್ನಿನೊಳಗೆ ಮೀನು ಬದಲಾಯಿತು, ಬೋರ್ಡಿನ ಮೇಲೆ ಹೆಸರು ಬದಲಾಗಬೇಕಾಗಿ ಬರಲಿಲ್ಲ.

ಕಾಡ್ ಅಂದರೆ ನಮ್ಮ ಕಾಡಲ್ಲ. ಚಿಕ್ಕಂದಿನಲ್ಲಿ ಹಳದಿ ಬಣ್ಣದ ಮೀನೆಣ್ಣೆ ಗುಳಿಗೆ ನುಂಗಿದ್ದೀರಲ್ಲ, ಆ ಎಣ್ಣೆ ಬಂದದ್ದು ಇದೇ ಕಾಡ್ ಮೀನಿನ ಪಿತ್ತಜನಕಾಂಗದಿಂದ. ಉತ್ತರ ಅಟ್ಲಾಂಟಿಕ್‌ನ ತಣ್ಣೀರಿನ ಮೀನು. ಮಾಂಸ ಬೆಳ್ಳಗೆ, ಬೆಂದಾಗ ಪದರ ಪದರವಾಗಿ ಬಿಡುತ್ತದೆ. ಫಿಲೆ, ಅಂದರೆ ನಡುಮುಳ್ಳು ಬಿಟ್ಟು ಉದ್ದಕ್ಕೆ ಕೊಯ್ದ ಮಾಂಸದ ತುಂಡು ತೆಗೆದರೆ ಮುಳ್ಳು ಸಿಗುವುದಿಲ್ಲ, ಮೀನಿನ ವಾಸನೆ ಬಹಳ ಕಡಿಮೆ. ನಮಗೆ ಅದು ಸಪ್ಪೆ ಅನಿಸಬಹುದು. ಕಡಲು ಕಾಣದ ಕೆಂಟಕಿಯವನಿಗೆ ಅದೇ ಬೇಕಿತ್ತು. ಅವನ ಮಟ್ಟಿಗೆ ಒಳ್ಳೆಯ ಮೀನು ಅಂದರೆ ಮೀನು ಅಂತ ಗೊತ್ತಾಗದ ಮೀನು.

ಅದನ್ನು ಅಷ್ಟು ದೂರ ತಲುಪಿಸಿದ್ದು ಹಿಮ. 1920ರ ದಶಕದಲ್ಲಿ ಕ್ಲಾರೆನ್ಸ್ ಬರ್ಡ್ಸ್ಐ ಎಂಬಾತ ಆಹಾರವನ್ನು ಬೇಗ ಹೆಪ್ಪುಗಟ್ಟಿಸುವ ವಿಧಾನ ಕಂಡುಕೊಂಡಿದ್ದರು. ಎರಡನೇ ಮಹಾಯುದ್ಧದ ನಂತರ ಐಸ್‌ಲ್ಯಾಂಡಿನ ಕಾರ್ಖಾನೆಗಳು ಕಾಡ್ ಫಿಲೆಗಳನ್ನು ಒತ್ತಿ ಇಟ್ಟಿಗೆಯ ಹಾಗೆ ಗಟ್ಟಿ ಮಾಡಿ ಅಮೆರಿಕಕ್ಕೆ ಕಳಿಸತೊಡಗಿದವು. ಒಂದು ಬ್ಲಾಕ್ ಅಂದರೆ ಏಳೂವರೆ ಕಿಲೋ, ಎಲ್ಲ ಕಡೆ ಅದೇ ಅಳತೆ. ಅದನ್ನು ಗರಗಸದಲ್ಲಿ ಕೊಯ್ದು, ಪುಡಿ ಹಚ್ಚಿ, 1953ರಿಂದ ‘ಫಿಶ್ ಸ್ಟಿಕ್’ ಅಂತ ಮಾರಿದರು. ತಲೆಯಿಲ್ಲ, ಬಾಲವಿಲ್ಲ, ಚರ್ಮವಿಲ್ಲ. ಅದು ಮೀನು ಅನ್ನುವುದಕ್ಕೆ ಪೊಟ್ಟಣದ ಮೇಲಿನ ಚಿತ್ರವೇ ಸಾಕ್ಷಿ.

ಈಗ ಆರ್ಥರ್ ಟ್ರೀಚರ್ಸ್‌ಗೆ ಬರೋಣ. ನನಗೆ ಈ ನಾಲ್ಕರಲ್ಲಿ ಪ್ರೀತಿಯ ಅಂಗಡಿ ಇದೇ, ಸೋತದ್ದೂ ಇದೇ.

ಆರ್ಥರ್ ಟ್ರೀಚರ್ ಅಂದರೆ ಒಬ್ಬ ನಟ. ಇಂಗ್ಲೆಂಡಿನ ಬ್ರೈಟನ್‌ನಲ್ಲಿ 1894ರಲ್ಲಿ ಹುಟ್ಟಿದವರು. ಎತ್ತರದ ಆಳು, ಸೆಟೆದ ಕತ್ತು. ಹಾಲಿವುಡ್‌ನಲ್ಲಿ ಶ್ರೀಮಂತರ ಮನೆಯ ಬಟ್ಲರ್ ಪಾತ್ರ ಬಂದರೆ ಇವರನ್ನೇ ಕರೆಯುತ್ತಿದ್ದರು. ಮುಪ್ಪಿನಲ್ಲಿ ಟೀವಿ ಕಾರ್ಯಕ್ರಮವೊಂದರಲ್ಲಿ ನಿರೂಪಕರ ಜೊತೆಗಾರರಾಗಿ ಮನೆಮಾತಾಗಿದ್ದರು. ಎಸ್. ರಾಬರ್ಟ್ ಡೇವಿಸ್ ಮತ್ತು ಎಲ್.ಎಸ್. ಹಾರ್ಟ್‌ಜಾಗ್ ಕೊಲಂಬಸ್‌ನಲ್ಲಿ ಮೀನಿನ ಅಂಗಡಿ ತೆರೆಯಲು ಹೊರಟಾಗ ಈ ಬಟ್ಲರನ ಹೆಸರು, ಗತ್ತು ಎರಡನ್ನೂ ಬೋರ್ಡಿಗೆ ಏರಿಸಿದರು. ಮೊದಮೊದಲು ನೆರವಾದವರಲ್ಲಿ ಡೇವ್ ಥಾಮಸ್ ಕೂಡ ಒಬ್ಬರು. ಅದೇ ವರ್ಷ ನವೆಂಬರಿನಲ್ಲಿ, ಅದೇ ಊರಲ್ಲಿ, ವೆಂಡೀಸ್ ಎಂಬ ಹ್ಯಾಂಬರ್ಗರ್ ಅಂಗಡಿ ಶುರು ಮಾಡಿದವರು.

ಪಾಕ ಲಂಡನ್ನಿನ ಮಾಲಿನ್ಸ್ ಅಂಗಡಿಯದ್ದು ಅಂತ ಕಂಪನಿ ಜಾಹೀರಾತು ಮಾಡಿಕೊಂಡಿತು. ಪೂರ್ವ ಲಂಡನ್ನಿನಲ್ಲಿ 1860ರ ಹೊತ್ತಿಗೆ ಜೋಸೆಫ್ ಮಾಲಿನ್ ತೆರೆದದ್ದೇ ಮೊದಲ ಫಿಶ್ ಅಂಡ್ ಚಿಪ್ಸ್ ಅಂಗಡಿ ಅನ್ನುವವರಿದ್ದಾರೆ, ಅಲ್ಲ, ಲ್ಯಾಂಕಾಶೈರಿನದ್ದು ಅನ್ನುವವರೂ ಇದ್ದಾರೆ. ಮಸಾಲೆದೋಸೆ ಮೊದಲು ಯಾರು ಮಾಡಿದರು ಅನ್ನುವ ಜಗಳದ ಹಾಗೆ ಇದು, ನಾವು ಅದರಲ್ಲಿ ಬೀಳುವುದು ಬೇಡ. ಮುಖ್ಯ ಮಾತು ಏನೆಂದರೆ, ಟ್ರೀಚರ್ಸ್ ಐಸ್‌ಲ್ಯಾಂಡಿನ ಕಾಡ್ ಮೀನನ್ನೇ ಬಳಸುತ್ತಿತ್ತು. ಬ್ಲಾಕ್ ಕೊಯ್ದ ಕಡ್ಡಿಯಲ್ಲ, ದಪ್ಪ ಫಿಲೆ. ಅಂಗಡಿಯಲ್ಲೇ ಹಿಟ್ಟಿನಲ್ಲಿ ಅದ್ದಿ ಕರಿಯುತ್ತಿದ್ದರು. ಮನೆಯಲ್ಲಿ ಮಾಡಲಾಗದ ಊಟ ಅಂತ ಅವರ ಜಾಹೀರಾತು. ಜೊತೆಗೆ ಬಾರ್ಲಿಯ ಮಾಲ್ಟಿನಿಂದ ಮಾಡಿದ ಕಂದು ವಿನೆಗರ್. ಹುಳಿಯ ವಿಷಯದಲ್ಲಿ ನಮಗೂ ಅವರಿಗೂ ಜಗಳವಿಲ್ಲ. ನಾವು ಹುಣಸೆಹಣ್ಣೋ ಪುನರ್ಪುಳಿಯೋ ಹಾಕುತ್ತೇವೆ, ಅವರು ಅದನ್ನು ಚಿಮುಕಿಸುತ್ತಾರೆ.

ಅಂಗಡಿ ಬೆಂಕಿಯ ಹಾಗೆ ಹರಡಿತು. ಎಪ್ಪತ್ತರ ದಶಕದ ಕೊನೆಗೆ ಸುಮಾರು 800. ಹತ್ತು ವರ್ಷದಲ್ಲಿ ಸೊನ್ನೆಯಿಂದ 800! ಇಷ್ಟೂ ಅಂಗಡಿಗಳ ಬಾಣಲೆಗೆ ಮೀನು ಬರಬೇಕಾದದ್ದು ದೂರದ ಒಂದು ದ್ವೀಪದ ಸುತ್ತಲಿನ ನೀರಿನಿಂದ. ಆ ನೀರಿನಲ್ಲಿ ಆಗ ಜಗಳ ಹತ್ತಿಕೊಂಡಿತ್ತು.

ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ಇದು ಬೋಟಿನವರಿಗೆ ಅರ್ಥವಾಗುವ ಜಗಳ. ಐಸ್‌ಲ್ಯಾಂಡಿನಲ್ಲಿ ಆಗ ಎರಡು ಲಕ್ಷ ಚಿಲ್ಲರೆ ಜನ. ಉಡುಪಿ ಜಿಲ್ಲೆಯ ಕಾಲುಭಾಗವೂ ಇಲ್ಲ. ರಫ್ತಿನ ಬಹುಪಾಲು ಮೀನೇ. ಬ್ರಿಟನ್ನಿನ ಹಲ್, ಗ್ರಿಮ್ಸ್‌ಬಿ ಬಂದರುಗಳ ದೊಡ್ಡ ಟ್ರಾಲರ್‌ಗಳು ಬಂದು ಅವರ ಅಂಗಳದಲ್ಲೇ ಬಲೆ ಎಳೆಯುತ್ತಿದ್ದವು. ಐಸ್‌ಲ್ಯಾಂಡ್ ತನ್ನ ಮೀನುಗಾರಿಕೆಯ ಗಡಿಯನ್ನು 1958ರಲ್ಲಿ 12 ನಾಟಿಕಲ್ ಮೈಲಿಗೆ, 1972ರಲ್ಲಿ 50ಕ್ಕೆ, 1975ರಲ್ಲಿ 200ಕ್ಕೆ ಒತ್ತುತ್ತಾ ಹೋಯಿತು. ಒತ್ತಿದಾಗೆಲ್ಲ ಬ್ರಿಟನ್ ತನ್ನ ನೌಕಾಪಡೆಯನ್ನು ಕಳಿಸಿತು. ಇದಕ್ಕೆ ಕಾಡ್ ಯುದ್ಧಗಳು ಅಂತ ಹೆಸರು.

ಐಸ್‌ಲ್ಯಾಂಡಿಗೆ ಸೈನ್ಯವೇ ಇಲ್ಲ. ಇದ್ದದ್ದು ಬೆರಳೆಣಿಕೆಯ ಕರಾವಳಿ ಕಾವಲು ಹಡಗುಗಳು. ಅವರು ಒಂದು ಸಲಕರಣೆ ಮಾಡಿಕೊಂಡರು. ಲಂಗರಿನ ಹಾಗೆ ಕಾಣುವ, ಚೂಪು ಅಲಗಿನ ಕಬ್ಬಿಣ. ಅದನ್ನು ಹಗ್ಗಕ್ಕೆ ಕಟ್ಟಿ ನೀರಿನಲ್ಲಿ ಎಳೆಯುತ್ತಾ ಟ್ರಾಲರಿನ ಹಿಂಬದಿಯಲ್ಲಿ ಅಡ್ಡ ಹಾಯುವುದು. ಬಲೆ ಎಳೆಯುವ ಉಕ್ಕಿನ ರೋಪು ಪಟ್ಟನೆ ಕಡಿದು ಹೋಗುತ್ತಿತ್ತು. ಬಲೆಯೂ ಹೋಯಿತು, ಬಲೆಯೊಳಗಿನ ಮೀನೂ ಹೋಯಿತು. ಬಲೆ ಹೋದರೆ ಎಷ್ಟು ಲಕ್ಷ ಅಂತ ಇಲ್ಲಿ ಕೂತವರಿಗೆ ನಾನು ಹೇಳಬೇಕಿಲ್ಲ. 1972ರ ಸೆಪ್ಟೆಂಬರ್ 5ರಂದು ಈ ಕತ್ತರಿ ಮೊದಲ ಸಲ ಕೆಲಸ ಮಾಡಿತು. ಐಸ್‌ಲ್ಯಾಂಡಿನ ಏಗಿರ್ ಹಡಗಿಗೆ ಒಂದು ಟ್ರಾಲರ್ ಸಿಕ್ಕಿತು. ಅದರ ಹೆಸರು, ನಂಬರು ಎರಡರ ಮೇಲೂ ಕಪ್ಪು ಬಣ್ಣ ಬಳಿದಿತ್ತು. ‘ನಿಮ್ಮ ಹೆಸರೇನು’ ಅಂತ ರೇಡಿಯೋದಲ್ಲಿ ಕೇಳಿದರೆ ಉತ್ತರವಾಗಿ ಬ್ರಿಟನ್ನಿನ ದೇಶಭಕ್ತಿ ಗೀತೆ ಹಾಕಿದರಂತೆ! ರೋಪು ಕಡಿದು ಬಿದ್ದ ಮೇಲೆ ಕಲ್ಲಿದ್ದಲು, ಕಸ, ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದರು.

ಕೊನೆಯ ಸುತ್ತು 1975ರ ನವೆಂಬರಿನಿಂದ 1976ರ ಜೂನ್‌ವರೆಗೆ. ಯುದ್ಧನೌಕೆಗಳೂ ಕಾವಲು ಹಡಗುಗಳೂ ಒಂದಕ್ಕೊಂದು ಢಿಕ್ಕಿ ಹೊಡೆದವು. ಐಸ್‌ಲ್ಯಾಂಡ್ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು, ಅಮೆರಿಕ, ಬ್ರಿಟನ್ ಮೊದಲಾದವರ ಸೈನಿಕ ಕೂಟವಾದ ನೇಟೋಗೆ ತನ್ನ ಕೆಫ್ಲವಿಕ್‌ನಲ್ಲಿದ್ದ ನೆಲೆ ಮುಚ್ಚಿಸುತ್ತೇವೆ ಅಂತ ಹೆದರಿಸಿತು. ಶೀತಲ ಸಮರದ ಕಾಲ, ಆ ನೆಲೆ ಹೋದರೆ ಅಮೆರಿಕಕ್ಕೇ ಕುತ್ತು. ಬ್ರಿಟನ್ ಬಗ್ಗಿತು. ಏಕಕಾಲಕ್ಕೆ 24 ಟ್ರಾಲರ್‌ಗಳಿಗೆ, ಅದೂ ಆರು ತಿಂಗಳ ಮಟ್ಟಿಗೆ ಮಾತ್ರ ಅನುಮತಿ ಸಿಕ್ಕಿತು.

‘ಇದರಿಂದ ನಮಗೇನು?’ ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಆ 200 ಮೈಲಿಯ ಮಾತು ಐಸ್‌ಲ್ಯಾಂಡಿನಲ್ಲಿ ನಿಲ್ಲಲಿಲ್ಲ. ಅಮೆರಿಕ 1976ರಲ್ಲಿ ಕಾನೂನು ಮಾಡಿತು, ಭಾರತವೂ ಅದೇ ವರ್ಷ ಕಾಯ್ದೆ ತಂದಿತು, 1982ರಲ್ಲಿ ವಿಶ್ವಸಂಸ್ಥೆಯ ಒಪ್ಪಂದವಾಯಿತು. ಇವತ್ತು ಮಲ್ಪೆಯ ಬೋಟು ಪಶ್ಚಿಮಕ್ಕೆ ಹೊರಟರೆ 370 ಕಿಲೋಮೀಟರ್ ತನಕ ನಮ್ಮ ನೀರು ಅನ್ನುತ್ತೇವಲ್ಲ, ಅದು ಈ ಅಲೆಯಲ್ಲೇ ಬಂದದ್ದು.

ಕೊಲಂಬಸ್‌ನ ಅಂಗಡಿಗೆ ವಾಪಸ್ ಹೋಗೋಣ. ಬ್ರಿಟನ್ನಿನ ದೋಣಿಗಳು ಐಸ್‌ಲ್ಯಾಂಡಿನ ನೀರಿನಿಂದ ಹೊರಬಿದ್ದಾಗ ಅಲ್ಲಿನವರೂ ಕಾಡ್ ಮೀನಿಗಾಗಿ ಮಾರುಕಟ್ಟೆಗೆ ಬರಬೇಕಾಯಿತು, ಬೆಲೆ ಏರಿತು. ಬರ್ಗರಿನವನಿಗೆ ಟೆಕ್ಸಸ್ ದನವಾದರೂ ಒಂದೇ, ಕಾನ್ಸಸ್ ದನವಾದರೂ ಒಂದೇ. ಟ್ರೀಚರ್ಸ್ ಕೈಯಲ್ಲಿ ಇದ್ದದ್ದು ಒಂದೇ ಕಡಲಿನ ಒಂದೇ ಮೀನು. ನಟ ಆರ್ಥರ್ ಟ್ರೀಚರ್ ತೀರಿಕೊಂಡದ್ದೂ 1975ರ ಡಿಸೆಂಬರಿನಲ್ಲಿ, ಆ ಕೊನೆಯ ಜಗಳದ ನಡುವೆ.

1979ರಲ್ಲಿ ಕಂಪನಿ ಕೈ ಬದಲಾಯಿಸಿತು. ಕೊಂಡವರು ಮಿಸೆಸ್ ಪಾಲ್ಸ್. ಫಿಲಡೆಲ್ಫಿಯಾದ ಕಂಪನಿ, ಫಿಶ್ ಸ್ಟಿಕ್ ಮಾಡಿಯೇ ದೊಡ್ಡದಾದದ್ದು. ಅವರ ಲೆಕ್ಕ ಸರಳ. ಐಸ್‌ಲ್ಯಾಂಡಿನ ಕಾಡ್ ದುಬಾರಿ, ಪೊಲಾಕ್ ಅಗ್ಗ. ಎರಡೂ ಒಂದೇ ಕುಟುಂಬದ ಮೀನು, ಎರಡೂ ಬಿಳಿ. ಬೋರ್ಡಿನಲ್ಲಿ ಹೇಗೂ ‘ಫಿಶ್’ ಅಂತಲೇ ಇದೆ. ಯಾರಿಗೆ ಗೊತ್ತಾಗುತ್ತದೆ?

ಎಲ್ಲರಿಗೂ ಗೊತ್ತಾಯಿತು. ಮೀನು ಪದರ ಬಿಡುವುದಿಲ್ಲ, ಮೆತ್ತಗಾಗಿದೆ ಅಂತ ಗಿರಾಕಿಗಳು ಮೂಗು ಮುರಿದರು. ಬೈಗುಳ ತಿಂದವರು ಫಿಲಡೆಲ್ಫಿಯಾದ ಸಾಹೇಬರಲ್ಲ, ಕೌಂಟರಿನಲ್ಲಿ ನಿಂತ ಫ್ರಾಂಚೈಸಿಯವರು. ಅವರು ಸಿಟ್ಟಿಗೆದ್ದು ರಾಯಲ್ಟಿ ಕಟ್ಟುವುದನ್ನೇ ನಿಲ್ಲಿಸಿದರು. ಕಂಪನಿ ಕೋರ್ಟಿಗೆ ಎಳೆಯಿತು, ಅವರೂ ಕಂಪನಿಯನ್ನು ಎಳೆದರು. ಮೂರು ವರ್ಷ ಈ ಗುದ್ದಾಟ ನಡೆದು 1982ರಲ್ಲಿ ಮಿಸೆಸ್ ಪಾಲ್ಸ್ ಅದನ್ನು ಮಾರಿ ಕೈತೊಳೆದುಕೊಂಡಿತು. ಮರುವರ್ಷ ದಿವಾಳಿ ಅರ್ಜಿ. ಆಮೇಲೆ ಯಾರ್‍ಯಾರದೋ ಕೈಗೆ ಹೋಗಿ, ಹೆಸರಿನ ಹಕ್ಕು 2006ರಲ್ಲಿ ನೇತನ್ಸ್ ಎಂಬ ಹಾಟ್‌ಡಾಗ್ ಕಂಪನಿಯ ಪಾಲಾಯಿತು.

ನನಗೆ ಈ ರಾಯಲ್ಟಿ ಬಂಡಾಯ ತುಂಬ ಇಷ್ಟ. ಬಿಳಿ ಮೀನು ಅಂದರೆ ಎಲ್ಲವೂ ಒಂದೇ ಅಂತ ಕಂಪನಿಯವರು ನಂಬಿದ್ದರು. ಹತ್ತು ವರ್ಷ ತಿಂದ ಒಹಾಯೊದ ಜನಕ್ಕೆ ಆ ಮೀನಿನ ಹೆಸರು ಗೊತ್ತಿರಲಿಲ್ಲ, ನಿಜ. ನಾಲಿಗೆಗೆ ಗೊತ್ತಿತ್ತು.

ಇನ್ನು ಲಾಂಗ್ ಜಾನ್ ಸಿಲ್ವರ್ಸ್. ಇದರ ಹಿಂದೆ ಇದ್ದದ್ದು ಜೆರಿಕೊ ಎಂಬ ಹಳೆಯ ಕಂಪನಿ. ಜೆರೋಮ್ ಲೆಡರರ್ 1929ರಲ್ಲಿ ಕೆಂಟಕಿಯ ಶೆಲ್ಬಿವಿಲ್‌ನಲ್ಲಿ ಒಂದು ಹ್ಯಾಂಬರ್ಗರ್ ಅಂಗಡಿ ಹಾಕಿದ್ದರು, ಅದೇ ಬೆಳೆದು ಜೆರೀಸ್ ರೆಸ್ಟೋರೆಂಟುಗಳಾಯಿತು. ಅರವತ್ತರ ದಶಕದ ಕೊನೆಗೆ ವಾರನ್ ರೋಸೆಂತಾಲ್ ಕಂಪನಿಯ ಯಜಮಾನರು, ಮೀನಿನಂಗಡಿ ಕಟ್ಟಿದವರು ಜಿಮ್ ಪ್ಯಾಟರ್ಸನ್. ಮೊದಲ ಅಂಗಡಿ ಲೆಕ್ಸಿಂಗ್ಟನ್‌ನ ಸೌತ್‌ಲ್ಯಾಂಡ್ ಡ್ರೈವ್‌ನಲ್ಲಿ. ಹೆಸರು ರಾಬರ್ಟ್ ಲೂಯಿ ಸ್ಟೀವನ್ಸನ್ನರ ಕಾದಂಬರಿಯ ಒಂಟಿಕಾಲಿನ ಕಡಲ್ಗಳ್ಳನದ್ದು. ಕೊಲೆಗಡುಕನ ಹೆಸರನ್ನು ಊಟದ ಅಂಗಡಿಗೆ ಇಡುವುದೇ ಅಂತ ಮೊದಲು ನನಗೆ ವಿಚಿತ್ರ ಅನಿಸಿತ್ತು. ಆಮೇಲೆ ನೆನಪಾಯಿತು, ಆ ಕಾದಂಬರಿಯಲ್ಲಿ ಅವನು ಹಡಗು ಹತ್ತುವುದು ಅಡುಗೆಯವನಾಗಿ!

ಇವರು ಐಸ್‌ಲ್ಯಾಂಡ್, ಲಂಡನ್ ಅಂತ ಭರವಸೆ ಕೊಡಲು ಹೋಗಲಿಲ್ಲ. ಕೊಟ್ಟದ್ದು ಒಂದು ಆಟ. ನೀಲಿ ಮಾಡು, ಹಡಗಿನ ಹಗ್ಗ, ಕಡಲ್ಗಳ್ಳರ ಟೋಪಿ. ಬಾಗಿಲ ಬಳಿ ಒಂದು ಗಂಟೆ. ಊಟ ಚೆನ್ನಾಗಿತ್ತು ಅನ್ನಿಸಿದರೆ ಹೊರಡುವಾಗ ಹಗ್ಗ ಎಳೆದು ಗಂಟೆ ಬಾರಿಸಬೇಕು, ಒಳಗಿನ ಹುಡುಗರು ಧನ್ಯವಾದ ಕೂಗುತ್ತಾರೆ. ದೇವಸ್ಥಾನದಲ್ಲಿ ನಾವು ಒಳಗೆ ಹೋಗುವಾಗ ಬಾರಿಸುತ್ತೇವೆ, ಅಲ್ಲಿ ಹೊರಗೆ ಬರುವಾಗ. ಮೀನಿನ ಜೊತೆ ಹಶ್‌ಪಪ್ಪಿ ಅಂತ ಮೆಕ್ಕೆಜೋಳದ ಹಿಟ್ಟಿನ ಉಂಡೆ ಕರಿದು ಕೊಡುತ್ತಾರೆ. ನೋಡಿದರೆ ನಮ್ಮ ಗೋಳಿಬಜೆಯ ತಮ್ಮ, ತಿಂದರೆ ಅಷ್ಟು ಮೆತ್ತಗಿಲ್ಲ, ಒಳಗೆ ತರಿತರಿ. ಬಾಣಲೆಯಲ್ಲಿ ಉದುರಿ ಗರಿಗರಿಯಾದ ಹಿಟ್ಟಿನ ಚೂರುಗಳನ್ನು ಕೇಳಿದವರಿಗೆ ಪುಕ್ಕಟೆ ಹಾಕುತ್ತಾರೆ. ಬಜ್ಜಿ ಅಂಗಡಿಯಲ್ಲಿ ಮಕ್ಕಳು ಕೈಯೊಡ್ಡಿ ಕೇಳುತ್ತಾರಲ್ಲ, ಅದೇ. ಸಿಂಗಪುರದಲ್ಲಿರುವ ನಮ್ಮವರು ಯಾರಾದರೂ ಈ ಅಂಗಡಿಯಲ್ಲಿ ತಿಂದಿರಬಹುದು, ಅಲ್ಲಿ 1980ರ ದಶಕದಿಂದ ಇದೆ.

ಟ್ರೀಚರ್ಸ್ ಕುಸಿದ ಎಂಬತ್ತರ ದಶಕದಲ್ಲಿ ಇವರ ಅಂಗಡಿಗಳು 1,500ರ ಹತ್ತಿರ ಹೋದವು. ಐಸ್‌ಲ್ಯಾಂಡಿನ ಮೀನಿಗೆ ಇವರೂ ದೊಡ್ಡ ಗಿರಾಕಿ. ಈಗ ಹಗ್ಗವನ್ನು ಈ ತುದಿಯಿಂದ ಎಳೆಯುವ ಸರದಿ ಬಂತು. ಐಸ್‌ಲ್ಯಾಂಡ್ ಸಂಶೋಧನೆಯ ಹೆಸರಿನಲ್ಲಿ ತಿಮಿಂಗಿಲ ಕೊಲ್ಲುತ್ತಿದೆ ಅಂತ ಗ್ರೀನ್‌ಪೀಸ್ ಎಂಬ ಪರಿಸರ ಸಂಘಟನೆಯವರು 1988ರ ಹೊತ್ತಿಗೆ ಅಲ್ಲಿನ ಮೀನಿಗೆ ಬಹಿಷ್ಕಾರ ಕರೆದರು. ಖರೀದಿ ಕೈಬಿಟ್ಟ ಕಂಪನಿಗಳಲ್ಲಿ ಲಾಂಗ್ ಜಾನ್ ಸಿಲ್ವರ್ಸ್ ಕೂಡ ಇತ್ತು. 1989ರ ನಂತರ ಐಸ್‌ಲ್ಯಾಂಡ್ ತಿಮಿಂಗಿಲ ಬೇಟೆ ನಿಲ್ಲಿಸಿತು, ಬಹಳ ವರ್ಷ ಮತ್ತೆ ಮುಟ್ಟಲಿಲ್ಲ. ಬ್ರಿಟನ್ನಿನ ಯುದ್ಧನೌಕೆಗಳಿಗೆ ಬಗ್ಗದ ದೇಶ ಕೆಂಟಕಿಯ ಬಜ್ಜಿ ಅಂಗಡಿಯ ಮಾತಿಗೆ ಕಿವಿಗೊಟ್ಟಿತು.

ಆಮೇಲಿನದ್ದು ದುಡ್ಡಿನ ಕತೆ, ಬೇಗ ಮುಗಿಸುತ್ತೇನೆ. 1989ರಲ್ಲಿ ಕಂಪನಿಯ ಅಧಿಕಾರಿಗಳೂ ಕ್ಯಾಸಲ್ ಹಾರ್ಲನ್ ಎಂಬ ಹೂಡಿಕೆ ಸಂಸ್ಥೆಯೂ ಸೇರಿ ಜೆರಿಕೊವನ್ನು 62 ಕೋಟಿ ಡಾಲರಿಗೆ ಕೊಂಡರು, ಹೆಚ್ಚಿನದು ಸಾಲ. ಅಂಗಡಿಯ ಆದಾಯ ಬಡ್ಡಿಗೇ ಹೋಗತೊಡಗಿತು. 1998ರಲ್ಲಿ ದಿವಾಳಿ ಅರ್ಜಿ. ಮರುವರ್ಷ ಎ ಅಂಡ್ ಡಬ್ಲ್ಯೂ ರೆಸ್ಟೋರೆಂಟಿನವರು ಕೊಂಡರು. 2002ರಲ್ಲಿ ಎರಡನ್ನೂ ಕೆಎಫ್‌ಸಿಯ ಒಡೆಯರಾದ ಯಮ್ ಕಂಪನಿಯವರು ಕೊಂಡರು, 2011ರಲ್ಲಿ ಸಾಕಾಗಿ ಫ್ರಾಂಚೈಸಿಯವರ ಗುಂಪಿಗೇ ಮಾರಿದರು. ಅಂಗಡಿಗಳು ಆ ಹಳೆಯ ಎಣಿಕೆಯ ಸುಮಾರು ಮೂರನೇ ಒಂದು ಪಾಲಿಗೆ ಇಳಿದಿವೆ.

ನಡುವೆ ಒಂದು ತಮಾಷೆ. 2004ರ ಆರಂಭದಲ್ಲಿ ನಾಸಾದ ರೋವರ್‌ಗಳು ಮಂಗಳನ ಮೇಲೆ ಇಳಿದಿದ್ದವು. ಅಲ್ಲಿ ಸಮುದ್ರ ಇತ್ತು ಅಂತ ಸಾಬೀತಾದರೆ ಅಮೆರಿಕದವರಿಗೆಲ್ಲ ಒಂದೊಂದು ದೊಡ್ಡ ಸಿಗಡಿ ಪುಕ್ಕಟೆ ಅಂತ ಲಾಂಗ್ ಜಾನ್ ಸಿಲ್ವರ್ಸ್ ಘೋಷಿಸಿತು. ಮಾರ್ಚ್‌ನಲ್ಲಿ ನಾಸಾ, ರೋವರ್ ನೋಡುತ್ತಿರುವ ಬಂಡೆ ಒಂದು ಕಾಲದಲ್ಲಿ ಉಪ್ಪುನೀರಿನ ದಡವಾಗಿತ್ತು ಅಂದುಬಿಟ್ಟಿತು. ಮೇ 10ರಂದು ಕೊಟ್ಟ ಮಾತಿನಂತೆ ಸಿಗಡಿ ಹಂಚಿದರು. ಇವತ್ತಾದರೆ ಅಮೆರಿಕ ಹೊರಗಿನಿಂದ ತರಿಸುವ ಸಿಗಡಿಯಲ್ಲಿ ದೊಡ್ಡ ಪಾಲು ಭಾರತದ್ದು, ಅದರಲ್ಲೂ ಆಂಧ್ರದ ಕೆರೆಗಳದ್ದು. ಮಂಗಳನಲ್ಲಿ ನೀರು ಸಿಕ್ಕರೆ ಲಾಭ ಆಂಧ್ರದ ಭೀಮಾವರಕ್ಕೆ.

2013ರಲ್ಲಿ ಒಂದು ಗ್ರಾಹಕ ಸಂಸ್ಥೆ ಇವರ ‘ಬಿಗ್ ಕ್ಯಾಚ್’ ಊಟವನ್ನು ಅಮೆರಿಕದ ಅತಿ ಕೆಟ್ಟ ರೆಸ್ಟೋರೆಂಟ್ ಊಟ ಅಂತ ಕರೆಯಿತು. ಒಂದೇ ಊಟದಲ್ಲಿ 33 ಗ್ರಾಂ ಟ್ರಾನ್ಸ್ ಕೊಬ್ಬು. ಅಲ್ಲಿನ ಹೃದಯ ತಜ್ಞರ ಮಿತಿ ದಿನಕ್ಕೆ ಸುಮಾರು 2 ಗ್ರಾಂ. ಇಲ್ಲಿ ತಪ್ಪು ಮೀನಿನದ್ದಲ್ಲ, ಎಣ್ಣೆಯದ್ದು. ಸೋಯಾ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಅರ್ಧ ಗಟ್ಟಿ ಮಾಡಿದ್ದು, ಅಂದರೆ ನಮ್ಮ ವನಸ್ಪತಿ, ಡಾಲ್ಡಾದ ಜಾತಿ. ಬೇಗ ಕೆಡುವುದಿಲ್ಲ, ದಿನವಿಡೀ ಕರಿಯಬಹುದು, ಅಂಗಡಿಯವನಿಗೆ ಲಾಭ. ಗಲಾಟೆಯಾದ ಕೆಲವೇ ತಿಂಗಳಲ್ಲಿ ಎಣ್ಣೆ ಬದಲಿಸಿದರು. ನಮ್ಮಲ್ಲಿ ಟ್ರಾನ್ಸ್ ಕೊಬ್ಬು ಶೇ 2 ಮೀರಬಾರದು ಅನ್ನುವ ನಿಯಮ ಬಂದದ್ದು 2022ರಲ್ಲಿ.

ಆ ಕಾಡ್ ಮೀನು ಏನಾಯಿತು ಅಂತ ನಮ್ಮ ಬೋಟಿನ ಯಜಮಾನರೊಬ್ಬರು ಕೇಳಿದರು. ಐಸ್‌ಲ್ಯಾಂಡಿನದ್ದು ಉಳಿಯಿತು, ಗಡಿ ಕಾದವರು ಇಷ್ಟೇ ಹಿಡಿಯಬೇಕು ಅಂತ ಕೋಟಾ ಹಾಕಿ ಉಳಿಸಿಕೊಂಡರು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದ್ದು ಖಾಲಿಯಾಯಿತು. ಅಲ್ಲಿ ಐನೂರು ವರ್ಷದಿಂದ ಹಿಡಿಯುತ್ತಿದ್ದ ಮೀನನ್ನು 1992ರ ಜುಲೈ 2ರಂದು ಸರ್ಕಾರ ಮುಟ್ಟಬೇಡಿ ಅಂದಿತು. ಒಂದೇ ಏಟಿಗೆ ಮೂವತ್ತು ಸಾವಿರ ಜನಕ್ಕೆ ಕೆಲಸವಿಲ್ಲ. ಎರಡು ವರ್ಷಕ್ಕೆ ಅಂತ ಶುರುವಾದ ನಿಷೇಧ ಮೂವತ್ತು ವರ್ಷ ದಾಟಿ, 2024ರಲ್ಲಿ ಕೊನೆಗೊಂಡಿತು. ನಮ್ಮ ಜೂನ್-ಜುಲೈ ಎರಡು ತಿಂಗಳ ರಜೆಗೇ ನಾವು ಗೊಣಗುತ್ತೇವೆ.

ಹಾಗಾಗಿ ಗೆದ್ದದ್ದು ಪೊಲಾಕ್. ಟ್ರೀಚರ್ಸ್ ಅನ್ನು ಮುಳುಗಿಸಿದ ಆ ಅಗ್ಗದ ಮೀನೇ ಇವತ್ತು ಅಮೆರಿಕದ ಬನ್ನುಗಳೊಳಗೆಲ್ಲ ಇದೆ, ಹೆಚ್ಚಿನದು ಅಲಾಸ್ಕಾದ ನೀರಿನದ್ದು. ತಮಾಷೆ ಅಂದರೆ, ಈಗ ಅದಕ್ಕೂ ಹೆಸರಿನ ಮರ್ಯಾದೆ ಬಂದಿದೆ. ರಷ್ಯಾದವರು ಹಿಡಿದದ್ದನ್ನೂ ‘ಅಲಾಸ್ಕಾ ಪೊಲಾಕ್’ ಅಂತ ಮಾರುತ್ತಿದ್ದಾರೆ ಅಂತ ಅಲಾಸ್ಕಾದವರು ಜಗಳ ತೆಗೆದರು. 2016ರಿಂದ ಅಮೆರಿಕದಲ್ಲಿ ಅಲಾಸ್ಕಾದಲ್ಲಿ ಹಿಡಿದದ್ದಕ್ಕೆ ಮಾತ್ರ ಆ ಹೆಸರು.

ಊರಿಗೆ ಮರಳುವ ಮುಂಚೆ ನಾನೊಂದು ಶನಿವಾರ ಕೊಲಂಬಸ್‌ನಿಂದ ಎರಡು ಗಂಟೆ ಕಾರು ಓಡಿಸಿ ಕಯಾಹೋಗ ಫಾಲ್ಸ್ ಎಂಬ ಊರಿಗೆ ಹೋಗಿದ್ದೆ. ಆ 800ರಲ್ಲಿ ಉಳಿದುಕೊಂಡ ಹಳೆಯ ಟ್ರೀಚರ್ಸ್ ಅಂಗಡಿಯೊಂದು ಅಲ್ಲಿದೆ ಅಂತ ಕೇಳಿ. ಒಳಗೆ ನನಗಿಂತ ಮೂವತ್ತು ವರ್ಷ ದೊಡ್ಡವರೇ ಹೆಚ್ಚು. ಪಕ್ಕದ ಟೇಬಲಿನ ಅಜ್ಜ ಮೀನು ಮುರಿಯುವ ಮೊದಲು ಅದರ ಮೇಲೆ ವಿನೆಗರ್ ಚಿಮುಕಿಸಿ, ಎರಡು ಕ್ಷಣ ಕಾದು, ಹಿಟ್ಟಿನ ಹೊದಿಕೆಯನ್ನು ಫೋರ್ಕಿನಿಂದ ಸರಿಸಿ, ಒಳಗಿನ ಬಿಳಿ ಪದರವನ್ನು ಬಗ್ಗಿ ನೋಡಿದರು. ನಮ್ಮ ಅಮ್ಮ ಮಾರ್ಕೆಟಿನಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡುವುದು ಹೀಗೇ. ಆಮೇಲೆ ತಿಂದರು.

ಕೊನೆಯದಾಗಿ ಒಬ್ಬ ಹುಡುಗ ಕೇಳಿದ, ನಮ್ಮಲ್ಲಿ ಹೆಸರಿಲ್ಲದ ಮೀನು ಬರುವುದಿಲ್ಲವಾ ಸರ್ ಅಂತ. ಬಂದಾಗಿದೆ ಮಾರಾಯ. ಕೆಂಪು ಮೈಯ ಆ ಮೀನು ನೋಡಿದ್ದೀಯಲ್ಲ, ತುಳುವಿನಲ್ಲಿ ಮದಿಮಾಲ್ ಅಂತಾರೆ, ಅಂದರೆ ಮದುಮಗಳು. ನಮ್ಮ ಕರಾವಳಿಯ ಸುರಿಮಿ ಕಾರ್ಖಾನೆಗಳಿಗೆ ಲಾರಿಗಟ್ಟಲೆ ಹೋಗುವುದು ಅದೇ. ತಲೆ, ಮುಳ್ಳು ತೆಗೆದು, ಅರೆದು, ನೀರಿನಲ್ಲಿ ಮತ್ತೆ ಮತ್ತೆ ತೊಳೆಯುತ್ತಾರೆ. ಬಣ್ಣ ಹೋಗುತ್ತದೆ, ವಾಸನೆ ಹೋಗುತ್ತದೆ, ರುಚಿಯೂ ಹೋಗುತ್ತದೆ. ಸ್ವಲ್ಪ ಸಕ್ಕರೆ ಸೇರಿಸಿ ಹತ್ತು ಕಿಲೋದ ಬ್ಲಾಕ್ ಮಾಡಿ, ಹೆಪ್ಪುಗಟ್ಟಿಸಿ, ಹಡಗಿಗೆ ಹಾಕುತ್ತಾರೆ. ಅಲ್ಲಿಂದ ಮುಂದೆ ಅದನ್ನು ಏಡಿಯ ರುಚಿ ಹಾಕಿ ಏಡಿ ಅಂತ ತಿನ್ನುವವರಿದ್ದಾರೆ.